ಹಕಾರಕ್ಕೆ ಹೆದರಿದ ಮೂರು ವಾರ

ಹುಟ್ಟಿದಾಗಿನಿಂದ ಕಿವಿ ಕೇಳದ ನನ್ನ ಮಗಳಿಗೆ ಮೂರು ತುಂಬಿದ ಮೇಲೆ ಆಪರೇಷನ್ ಆಯಿತು. ಕಿವಿಯೊಳಗೆ ಸಣ್ಣ ತಂತಿ. ಹೊರಗೆ, ಕೂದಲಿನ ಮೇಲೆ, ಅಯಸ್ಕಾಂತದಿಂದ ಅಂಟಿ ಕೂರುವ ಬಿಲ್ಲೆ. ಬಿಲ್ಲೆ ತೆಗೆದರೆ ಅವಳಿಗೆ ಏನೂ ಕೇಳದು. ಆಗ ಡಾಕ್ಟರು ಹೇಳಿದ್ದರು: "ಶಬ್ದವೇ ಬರದಿದ್ದರೆ ಮೆದುಳಿನಲ್ಲಿ ಕೇಳುವ ಜಾಗ ಖಾಲಿ ಕೂರುವುದಿಲ್ಲ, ನೋಡುವ ಕೆಲಸಕ್ಕೆ ಹೋಗಿಬಿಡುತ್ತೆ. ನೀವು ಸ್ವಲ್ಪ ತಡ ಮಾಡಿದಿರಿ." ತಡ ಮಾಡಿದವಳು ನಾನೇ. ಮಾತು ತಡವಾಗಿ ಬರುವುದು ನಮ್ಮ ವಂಶದಲ್ಲೇ ಇದೆ ಎಂದು ಎರಡು ವರ್ಷ ಸುಮ್ಮನಿದ್ದೆ. ಅಂದಿನಿಂದ, ಕಣ್ಣಿಗೆ ಕಾಣದ ಆ ಜಾಗದ ಬಗ್ಗೆ ಒಂದೇ ಸಮನೆ ಭಯ.

ವರ್ಷದ ನಂತರ ಹಾಸನದಲ್ಲಿ ಪರೀಕ್ಷೆ. ಕೇಳುವಿಕೆ ಪರೀಕ್ಷಿಸುವ ಮೇಡಂ ಹೊಸಬರು, ಉಡುಪಿ ಕಡೆಯವರು. ತುಟಿ ಕಾಣದಂತೆ ಬಾಯಿಗೆ ಕಾರ್ಡು ಅಡ್ಡ ಹಿಡಿದು "ಹಾಲು" ಎಂದರು. ಮಗಳು "ಆಲು" ಎಂದಳು. ಹೂವು ಊವಾಯಿತು, ಹಸು ಅಸುವಾಯಿತು. ಮೇಡಂ ಮುಖ ಗಂಭೀರವಾಯಿತು.

"ಹಕಾರ ತುಂಬಾ ಮೆಲ್ಲಗಿನ ಶಬ್ದ. ಮೆದುಳಿಗೆ ತಲುಪುತ್ತಿಲ್ಲವೋ ಏನೋ. ಮೂರು ವಾರ ನೋಡುವ. ಹೀಗೆಯೇ ಇದ್ದರೆ ಸ್ಕ್ಯಾನ್ ಮಾಡಬೇಕು. ತಂತಿ ಜರುಗಿದ್ದರೆ ಮತ್ತೆ ಆಪರೇಷನ್."

ಹೆದರುವವರ ಮೇಲೆ ಕಪ್ಪೆ ಎಸೆದ ಹಾಗಾಯಿತು. ಆ ಪುಟ್ಟ ತಲೆಯನ್ನು ಇನ್ನೊಮ್ಮೆ ಕೊಯ್ಯುವುದೇ?

ನಾನು ಚನ್ನರಾಯಪಟ್ಟಣದ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಮ್ಮ. ಹಕಾರ ತಪ್ಪಿದ ಮಕ್ಕಳ ಕಿವಿ ಹಿಂಡಿಯೇ ಹೆಸರಾದವಳು. ಶಾಂತಿಗ್ರಾಮದ ಮನೆಯಲ್ಲಿ ದಿನಾ ಸಂಜೆ ಮಗಳನ್ನು ಎದುರು ಕೂರಿಸಿಕೊಂಡು, ಬಾಯಿಗೆ ತಟ್ಟೆ ಅಡ್ಡ ಹಿಡಿದೆ. "ಹಾಲು ಅನ್ನು." "ಆಲು." "ಅಲ್ಲ, ಹಾಲು!" ನನ್ನ ದನಿ ಏರುತ್ತಿತ್ತು. ಎರಡನೆಯ ವಾರ ಅವಳೊಂದು ಉಪಾಯ ಕಂಡುಕೊಂಡಳು. ನಾನು ತಟ್ಟೆ ಎತ್ತಿದೊಡನೆ ಬಿಲ್ಲೆಯನ್ನು ಕಿತ್ತು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡು, ನನ್ನ ಮುಖವನ್ನೇ ನೋಡುತ್ತಾ ಕೂರುತ್ತಿದ್ದಳು. ಆ ಜಾಗ ಮತ್ತೆ ಕಣ್ಣಿನ ಪಾಲಾಗುತ್ತಿದೆ ಎಂದು ಹೆದರಿ, ಮುಷ್ಟಿ ಬಿಡಿಸಿ ಬಿಲ್ಲೆಯನ್ನು ಮತ್ತೆ ಅಂಟಿಸುತ್ತಿದ್ದೆ.

ನಾನು ಶಾಲೆಗೆ ಹೋದಾಗ ಮಗುವನ್ನು ನೋಡಿಕೊಳ್ಳುವವರು ಅತ್ತೆ. ಅವರು ತಡೆಯಲಾರದೆ, "ಮಗೀನ ಯಾಕಂಗೆ ಗೋಳುಯ್ಕತೀಯವ್ವಾ? ಸರ್ಯಾಗೇ ಏಳ್ತದಲ್ಲ" ಎಂದರು.

"ನಿಮಗೆ ಗೊತ್ತಾಗಲ್ಲ, ಸುಮ್ಮನಿರಿ" ಎಂದು ಸಿಡುಕಿದೆ.

ಮೂರು ವಾರ ಕಳೆದು ಮತ್ತೆ ಹಾಸನಕ್ಕೆ ಹೊರಟಾಗ ಅತ್ತೆಯೂ ಹಟ ಹಿಡಿದು ಜೊತೆಗೆ ಬಂದರು. ಮೇಡಂ ಕಾರ್ಡು ಎತ್ತಿದ್ದೇ ತಡ, ಮಗಳ ಕೈ ಬಿಲ್ಲೆಗೆ ಹೋಯಿತು. ಅತ್ತೆ ಅವಳನ್ನು ತೊಡೆಗೆಳೆದುಕೊಂಡರು. "ಬ್ಯಾಡ ಮಗಾ, ಆಕ್ಕೊ ಅದ್ನ. ಮನೀಗ್ ಓಗಿ ಆಲು ಕುಡ್ಯಾನ."

ಮೇಡಂ ಪೆನ್ನು ನಿಂತಿತು. "ಅಜ್ಜೀ, ಇನ್ನೊಮ್ಮೆ ಹೇಳಿ, ಏನು ಕುಡಿಯುವುದು?"

"ಆಲು ಕಣವ್ವಾ, ಅಸೀನಾಲು."

ಮೇಡಂ ನನ್ನತ್ತ ನೋಡಿದರು. ನಾನು ನೆಲ ನೋಡಿದೆ. ಮದುವೆಯಾದಾಗಿನಿಂದ ಅತ್ತೆಯ ಮಾತು ಕೇಳಿ ಕೇಳಿ, ಅದರಲ್ಲಿ ಹಕಾರವಿಲ್ಲ ಎಂಬುದೇ ನನಗೆ ಮರೆತುಹೋಗಿತ್ತು.

ಆಮೇಲೆ ಮೇಡಂ ಮಗಳ ಕೈಗೆ ಮಣಿಗಳನ್ನು ಕೊಟ್ಟು, ಶಬ್ದ ಬದಲಾದಾಗ ಒಂದನ್ನು ಲೋಟಕ್ಕೆ ಹಾಕುವ ಆಟ ಕಲಿಸಿದರು. ಬೆನ್ನ ಹಿಂದೆ ನಿಂತು "ಆ, ಆ, ಆ, ಹಾ" ಎಂದರು. ಹಾ ಬಂದೊಡನೆ ಮಣಿ ಬಿತ್ತು. ಎಷ್ಟು ಸಲ ಮಾಡಿದರೂ ತಪ್ಪಲಿಲ್ಲ.

"ಚೆನ್ನಾಗಿ ಕೇಳ್ತದೆ. ಆಪರೇಷನ್ ಎಲ್ಲ ಬೇಡ" ಎಂದು ನಕ್ಕರು. "ಅಜ್ಜಿಯ ಮಾತನ್ನು ಕಿವಿಯಿಂದಲೇ ಕಲಿತಿದ್ದಾಳೆ. ಮೆದುಳು ಕೆಲಸ ಮಾಡದೆ ಇದು ಆಗುವುದಿಲ್ಲ."

ನಾನು ಅಲ್ಲೇ ಅತ್ತುಬಿಟ್ಟೆ. ಬಸ್ಸಿನಲ್ಲಿ ಅಜ್ಜಿ ಮೊಮ್ಮಗಳು ದಾರಿಯುದ್ದಕ್ಕೂ ಹರಟಿದರು. ನನಗೂ ಅವಳ ಜೊತೆ ಹರಟುವ ಆಸೆಯಾಯಿತು. ಬಗ್ಗಿ, ಆದಷ್ಟು ಮೆಲ್ಲಗೆ, "ಪುಟ್ಟಾ" ಎಂದೆ.

ಮಗಳು ತಿರುಗಿ ನನ್ನನ್ನು ನೋಡಿದಳು. ಆಮೇಲೆ ಬಿಲ್ಲೆ ಕಿತ್ತು ಅಜ್ಜಿಯ ಕೈಗೆ ಕೊಟ್ಟಳು.