ಕಡಲ ತಾಯಿಯ ಮುಂದೆ ಹೂ ಕೇಳಿದ್ದು

ಸಿಂಗಪುರದ ಆ ಹಳೆಯ ಚೀನೀ ಗುಡಿಯ ಎತ್ತರದ ಹೊಸ್ತಿಲು ದಾಟಿದವರು ನಾವು ಮೂವರು. ಜಾವಗಲ್ಲಿನ ನಮ್ಮಕ್ಕ, ಹಡಗಿನ ಎಂಜಿನಿಯರ್ ತರಬೇತಿಗೆ ಆಯ್ಕೆಯಾಗಿದ್ದ ಅವಳ ಮಗಳು, ಜೊತೆಗೆ ನಾನು. ಊರು ನೋಡಲು ಬಂದದ್ದೇನೋ ನಿಜ. ಆದರೆ ಅಕ್ಕನ ತಲೆಯಲ್ಲಿದ್ದದ್ದು ಒಂದೇ, ಮಗಳ ತರಬೇತಿಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದೋ ಬೇಡವೋ. ನಮ್ಮೂರ ಅಮ್ಮನ ಗುಡಿಯಲ್ಲಿ ಹೂ ಕೇಳಿಯೂ ಆಗಿತ್ತು. ಬಲಗಡೆಯಿಂದ ಬಿದ್ದರೆ ಹೂಂ, ಎಡಗಡೆಯಿಂದ ಬಿದ್ದರೆ ಬೇಡ. ಅರ್ಧ ದಿನ ಕೂತರೂ ಒಂದೆಸಳೂ ಅಲುಗಿರಲಿಲ್ಲ.

ಈ ಚೀನೀ ಗುಡಿಯ ತಾಯಿಯೋ ಕಡಲಿನವಳು, ಹಡಗಿನವರನ್ನು ಕಾಯುವವಳು. ಹಿಂದೆ ಸಮುದ್ರ ಗುಡಿಯ ಬಾಗಿಲವರೆಗೂ ಇತ್ತಂತೆ. ಬದುಕಿ ದಡ ಸೇರಿದವರು ಮೊದಲು ಇವಳಿಗೇ ಕೈಮುಗಿಯುತ್ತಿದ್ದರಂತೆ. ಕಲ್ಲುಕಂಬಕ್ಕೆ ಸುತ್ತಿಕೊಂಡ ಡ್ರ್ಯಾಗನ್ ಕಂಡು ಅಕ್ಕ ನಿಂತೇಬಿಟ್ಟಳು.

"ಲೋ, ನಮ್ ಹಳೇಬೀಡಿನ ಮಕರ ಇಲ್ಲಿಗ್ಯಾವಾಗ ಬಂತ್ಲಾ? ಅದ್ರ ತಮ್ಮನ್ ಥರಾನೇ ಐತೆ!"



ಒಳಗೆ ಒಬ್ಬ ಹೆಂಗಸು ಮಂಡಿಯೂರಿ, ಗೋಡಂಬಿ ಆಕಾರದ ಎರಡು ಕೆಂಪು ಮರದ ತುಂಡುಗಳನ್ನು ನೆಲಕ್ಕೆ ಬೀಳಿಸುತ್ತಿದ್ದಳು. ಒಂದು ಮೈ ಚಪ್ಪಟೆ, ಇನ್ನೊಂದು ಉಬ್ಬು. "ಹೂ ಕೇಳ್ತಾವ್ಳೆ ಕಣೋ!" ಎಂದವಳೇ ಅಕ್ಕ ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲೇ ಕೂತಳು, ಮನಸ್ಸಿನಲ್ಲೇ ಏನೋ ಕೇಳಿಕೊಂಡು ಅಲ್ಲಿಟ್ಟಿದ್ದ ಇನ್ನೊಂದು ಜೊತೆ ತುಂಡು ಹಾಕಿದಳು. ಎರಡೂ ಚಪ್ಪಟೆ ಮೈ ಮೇಲಾಗಿ ಬಿದ್ದವು.

"ಬ್ಯಾಡ ಅಂದ್ಳು. ಆಯ್ತು, ನಡೀರಿ."

ಮಗಳು ಗೋಡೆಯ ಇಂಗ್ಲಿಷ್ ಬರಹ ಓದಿದಳು. "ಅಮ್ಮ, ಬೇಡ ಅಂತಲ್ಲ. ತಾಯಿ ನಗ್ತಿದಾಳೆ ಅಂತ. ಇನ್ನೊಂದ್ಸಲ ಕೇಳ್ಬೇಕಂತೆ. ಒಂದು ಚಪ್ಪಟೆ, ಒಂದು ಉಬ್ಬು ಮೇಲಾಗಿ ಬಿದ್ರೆ ಹೂಂ ಅಂತೆ."

"ನೀನೇ ಕಟ್ಟಿ ಹೇಳ್ತಿದೀಯ ಕಣೇ."

ಊದುಬತ್ತಿ ಜೋಡಿಸುತ್ತಿದ್ದ ಮುದುಕನೊಬ್ಬ ತುಂಡುಗಳತ್ತ ಬೆರಳು ಮಾಡಿ, ಬೊಚ್ಚು ಬಾಯಿ ತೆರೆದು "ಹಹ್ಹಹ್ಹ" ಎಂದ.

"ಅಯ್ಯೋ, ನನ್ ಸಂಕಟ ಇವ್ಳಿಗೆ ನಗೆಯಾ?"

"ಏನಂತ ಕೇಳ್ದೆ ಅಕ್ಕ?" ಎಂದೆ.

"ಇವ್ಳನ್ನ ಕಳುಸ್ಲಾ, ಇಲ್ಲಾ ಮದ್ವೆ ಮಾಡ್ಲಾ ಅಂತ."

"ಎರಡೂ ಒಟ್ಟಿಗೆ ಕೇಳಿದ್ರೆ ನಗದೆ ಇನ್ನೇನ್ ಮಾಡ್ತಾಳೆ? ಹೂಂ, ಇಲ್ಲ ಅನ್ನೋ ಹಂಗೆ ಕೇಳು."

ಅಕ್ಕ ಕಣ್ಣು ಮುಚ್ಚಿದಳು. ಈ ಸಲ ಗುಡಿಯಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಕೇಳಿದಳು. "ತಾಯೀ, ಮಗ್ಳು ನೀರ್ ಮ್ಯಾಲೆ ಹೋಯ್ತಾಳೆ. ಕಾಯ್ತೀಯಾ?"

ತುಂಡುಗಳು ಬಿದ್ದವು. ಒಂದು ತಕ್ಷಣವೇ ಚಪ್ಪಟೆ ಮೈ ಮೇಲಾಗಿ ನಿಂತಿತು. ಇನ್ನೊಂದು ಗಿರಗಿರನೆ ಸುತ್ತಿತು. ನಾವು ಮೂವರೂ ಅದರ ಮೇಲೆ ಬಗ್ಗಿದೆವು. ಉಬ್ಬು ಮೈ ಮೇಲೆ! ಮುದುಕ ಜೋರಾಗಿ ತಲೆಯಾಡಿಸಿದ. ಹುಡುಗಿ ಖುಷಿಗೆ ನನ್ನ ತೋಳು ಚಿವುಟಿಬಿಟ್ಟಳು.

ಊರು ಸೇರಿದ ಮಾರನೆಯ ದಿನ ಅಕ್ಕ ಪತ್ರಕ್ಕೆ ಸಹಿ ಹಾಕಿ, ಯಾರ ಕೈಗೂ ಕೊಡದೆ ತಾನೇ ಬಸ್ಸು ಹತ್ತಿ ಅರಸೀಕೆರೆಗೆ ಹೋಗಿ, ಸ್ಪೀಡ್ ಪೋಸ್ಟ್ ಮಾಡಿ ಬಂದಳು.