ತಂತಿ ಹರಿದದ್ದಕ್ಕೆ ಅತ್ತಿಗೆಯನ್ನು ದೂರಿದ್ದು

ಮುಂಬಯಿ ಹತ್ತಿರದ ಠಾಕುರ್ಲಿಯಲ್ಲಿ, ಅಣ್ಣನ ಫ್ಲ್ಯಾಟಿನಲ್ಲಿ ಇದ್ದ ಮೂರು ವರ್ಷವೂ ಅತ್ತಿಗೆಗೂ ನನಗೂ ಆಗಿಬರಲಿಲ್ಲ. ನಾನು ಎಲೆಕ್ಟ್ರಿಕ್ ಗಿಟಾರ್ ತಂದ ಮೇಲಂತೂ, "ಮನೆಗೆ ಮಿಕ್ಸರ್ ಒಂದೇ ಸಾಕಿತ್ತು" ಎಂದು ಉಡುಪಿಯ ತಮ್ಮ ತಾಯಿಗೆ ಫೋನಿನಲ್ಲಿ ಹೇಳುವರು, ನನಗೆ ಕೇಳಲಿ ಎಂದೇ.

ಆಮೇಲೆ ತಂತಿ ಹರಿಯತೊಡಗಿತು. ಪ್ರತಿ ಸಲವೂ ಆರರಲ್ಲಿ ತೀರಾ ತೆಳುವಾದ ಅದೊಂದೇ. ಹೊಸದು ಹಾಕಿ ನವಿ ಮುಂಬಯಿಯ ಆಫೀಸಿಗೆ ಹೋದರೆ, ಸಂಜೆ ಬರುವಷ್ಟರಲ್ಲಿ ಸುರುಳಿ ಸುತ್ತಿಕೊಂಡು ಜೋತಿರುತ್ತಿತ್ತು. ನಾಲ್ಕನೆಯ ಸಲ ನಾನು ತಡೆದುಕೊಳ್ಳಲಿಲ್ಲ.

"ಅತ್ತಿಗೆ, ಕತ್ತರಿ ಎಲ್ಲಿಟ್ಟಿದ್ದೀರಿ?"

"ಯಾಕೆ?"

"ನನ್ನ ತಂತಿ ಕತ್ತರಿಸಿದ್ದು ಅದರಲ್ಲೇನಾ ಅಂತ ನೋಡ್ಬೇಕಿತ್ತು."

ಅವರು ಬಟಾಟೆ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಕತ್ತರಿಸುವುದಾದ್ರೆ ನಿನ್ನ ಎದುರಿಗೇ ಕತ್ತರಿಸ್ತಿದ್ದೆ ಮಾರಾಯ್ತಿ. ನನಗೆಂತ ಹೆದರಿಕೆ?"

ಅಣ್ಣ ಟಿವಿಯ ಸದ್ದು ಹೆಚ್ಚಿಸಿದ.

ಮರುದಿನದಿಂದ ಗಿಟಾರನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಅವರಿಗೆ ಕಾಣುವಂತೆಯೇ ಬೀಗವನ್ನು ಎಳೆದು ನೋಡಿ ಹೊರಡುತ್ತಿದ್ದೆ. ಮೂರನೆಯ ದಿನ ತೆರೆದಾಗ ತಂತಿ ಮತ್ತೆ ಹರಿದಿತ್ತು. ಇವರ ಬಳಿ ಇನ್ನೊಂದು ಕೀಲಿ ಇರಬೇಕು ಅಂದುಕೊಂಡೆನೇ ಹೊರತು ತಪ್ಪು ಗಿಟಾರಿನದ್ದಿರಬಹುದು ಎಂದು ಅನ್ನಿಸಲಿಲ್ಲ.

ತಂತಿ ಕತ್ತರಿಸಿದ್ದೇ ಎಂದು ಖಾತ್ರಿ ಮಾಡಿಕೊಳ್ಳಲು ಭಾನುವಾರ ಗಿಟಾರನ್ನು ಕಳವಾ ಸ್ಟೇಷನ್ನಿನ ಹತ್ತಿರ ವಾದ್ಯ ರಿಪೇರಿ ಮಾಡುವ, ವಿಜಯಪುರ ಕಡೆಯ ಮುದುಕರೊಬ್ಬರ ಬಳಿ ಒಯ್ದೆ. ತಂತಿಗಳು ಕೂರುವ ಆರು ಪುಟ್ಟ ಲೋಹದ ತುಂಡುಗಳ ಮೇಲೆ ಅವರು ಚೂರು ಹತ್ತಿ ಎಳೆದರು. ಐದರ ಮೇಲೆ ಜಾರಿತು. ತೆಳು ತಂತಿ ಕೂರುವ ಆರನೆಯದಕ್ಕೆ ಎಳೆ ಸಿಕ್ಕಿಕೊಂಡಿತು.

"ಇಲ್ಲಿ ಮುಳ್ಳ ಎದ್ದೈತಿ ನೋಡ್ರಿ. ತಂತಿ ಬಿಗಿ ಇದ್ದಷ್ಟೂ ಕೊರೀತೈತಿ."

"ಯಾರೋ ಕತ್ತರಿಸ್ತಿದ್ದಾರೆ ಅಂದ್ಕೊಂಡಿದ್ದೆ."

"ಯಾರ ಮ್ಯಾಲ ಹಾಕಿದ್ರಿ?"

ಎಷ್ಟಾಗುತ್ತದೆ ಎಂದು ಕೇಳಿದೆ. ಅವರು ಸಣ್ಣ ಅರದಿಂದ ಉಜ್ಜಿ ಅದನ್ನು ನುಣುಪು ಮಾಡಿಕೊಟ್ಟರು.

"ಗಿಟಾರಿನದ್ದೇ ದೋಷವಂತೆ" ಎಂದು ಮನೆಗೆ ಬಂದು ಅತ್ತಿಗೆಗೆ ಹೇಳಿದೆ. ಕ್ಷಮಿಸಿ ಎನ್ನಲು ನಾಲಿಗೆ ಹೊರಳಲಿಲ್ಲ.

"ನಾನು ಕಳ್ಳಿ ಅಲ್ಲ ಅಂತ ರಿಪೇರಿಯವನು ಚೀಟಿ ಕೊಟ್ಟನಾ?" ಎಂದರು. "ಕಪಾಟಿನ ಬೀಗ ತೆಗೀಬೇಡ. ಬಂದವರಿಗೆಲ್ಲ ತೋರಿಸ್ತೇನೆ."

ತೋರಿಸಿದರು ಕೂಡ. ಕೆಳಗಿನ ಮನೆಯವರಿಗೆ, ನನ್ನ ಎದುರಿಗೇ, ಮರಾಠಿಯಲ್ಲಿ.

ತಂತಿ ಮತ್ತೆ ಹರಿಯಲಿಲ್ಲ. ಅತ್ತಿಗೆ ನನ್ನೊಡನೆ ಮಾತು ಬಿಟ್ಟರು. ಮುಂದಿನ ತಿಂಗಳು ನಾನು ಬೇರೆ ರೂಮು ಹಿಡಿದೆ. ಸಾಮಾನು ಇಳಿಸುವ ದಿನ ನಾನು ಮೂರು ಸಲ ಮೇಲೆ ಕೆಳಗೆ ಓಡಾಡಿದೆ. ಅಷ್ಟು ಹೊತ್ತೂ ಅವರು ಬಾಗಿಲನ್ನು ಅಗಲವಾಗಿ ತೆರೆದು ಹಿಡಿದುಕೊಂಡು ನಿಂತಿದ್ದರು.