ಬಾಳೇಶನ ಜಾರದ ಕ್ಲಚ್ಚು

ಬಾಳೇಶನನ್ನು ನಾನು ಮೊದಲು ಸರ್ಕಾರಿ ಸರ್ವೇಯರ್ ಎಂದುಕೊಂಡಿದ್ದೆ. ಅರಭಾವಿ ರಸ್ತೆಯ ಬದಿಗೆ ನನ್ನದೊಂದು ಚಿಕ್ಕ ಪ್ಲಾಟಿದೆ. ಒಂದು ಬೆಳಿಗ್ಗೆ ನೋಡಿದರೆ ಪಕ್ಕದ ಕಬ್ಬು ಕಡಿದ ಹೊಲದಲ್ಲಿ ನಡುವಯಸ್ಸಿನ ಗಟ್ಟಿ ಆಳೊಬ್ಬ ಆಂಟೆನಾ ಇದ್ದ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ದೂರದ ನೆಲವನ್ನೇ ದಿಟ್ಟಿಸುತ್ತ ನಿಂತಿದ್ದ. ರಸ್ತೆ ಅಗಲ ಮಾಡುವವರು ಬಂದರು, ನನ್ನ ಪ್ಲಾಟು ಹೋಯಿತು ಎಂದು ಲೆಕ್ಕ ಹಾಕಿದೆ. ಊರಲ್ಲಿ ನಾಲ್ಕು ಜನ ಮಾತು ಕೇಳುವ ಮನುಷ್ಯ ನಾನು ಎಂಬುದು ಅವನಿಗೆ ತಿಳಿಯುವ ಹಾಗೆ ಕೆಮ್ಮಿದೆ. ಮನೆಯಿಂದ ತಂದಿದ್ದ ಮಜ್ಜಿಗೆ ಕೊಟ್ಟೆ. “ಸಾಹೇಬ್ರ, ಗೆರಿ ಒಂದೀಟ ಆ ಕಡೆ ಎಳೀರಿ,” ಎಂದೆ. ಅವನು ಮಜ್ಜಿಗೆ ಕುಡಿದ. ಅಷ್ಟರಲ್ಲಿ ಕಬ್ಬಿನ ಒಣ ಸೋಗೆಯ, ಅಂದರೆ ರವದಿಯ, ಗುಡ್ಡೆಯ ಹಿಂದಿನಿಂದ ಮೊಣಕಾಲೆತ್ತರವೂ ಇಲ್ಲದ ನೀಲಿ ಟ್ರಕ್ಕೊಂದು ಗುಂಯ್‌ಗುಡುತ್ತ ಬಂದು ಅವನ ಪಾದದ ಬಳಿ ನಿಂತಿತು.

“ಯಾರಿಗೂ ಹೇಳಬ್ಯಾಡ್ರಿ,” ಅಂದ. “ಈ ವಯಸ್ಸಿನ್ಯಾಗ ಆಟಗಿ ಆಡಾಕತ್ತಾನ ಅಂತಾರ.”

ಬಾಳೇಶ ತುಕ್ಕಾನಟ್ಟಿಯವನು, ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಡ್ರೈವರು. ಹಂಗಾಮಿನಲ್ಲಿ ಕಾರ್ಖಾನೆಯ ಮುಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತವೆ. ಏರಿನಲ್ಲಿ ಯಾವನದಾದರೂ ಕ್ಲಚ್ ಜಾರಿ ಸುಟ್ಟ ವಾಸನೆ ಬಂತೋ, ಅವನು ಸಾಲಿನವರಿಗೆಲ್ಲ ಚಹಾ ಕುಡಿಸಬೇಕು ಎಂಬುದು ಅಲ್ಲಿನ ಕಟ್ಟಳೆ. ಚಹಾಕ್ಕಿಂತ ಬಿಸಿಯಾದದ್ದು ಅದರ ಜೊತೆಗೆ ಬರುವ ಮಾತು. ಬಾಳೇಶ ಇದುವರೆಗೆ ಆ ಚಹಾ ಕುಡಿದಿದ್ದನೇ ಹೊರತು ಕುಡಿಸಿರಲಿಲ್ಲ. “ಕ್ಲಚ್ ಜಾರ್ತು ಅಂದ್ರ ಡ್ರೈವರ್ ಜಾರಿದಂಗ,” ಎಂದು ಹೊಸಬರಿಗೆ ಹೇಳುತ್ತಿದ್ದವನೂ ಅವನೇ.

ಮೊಬೈಲಿನಲ್ಲಿ ರಿಮೋಟ್ ಟ್ರಕ್ಕಿನ ವಿಡಿಯೋ ನೋಡಿ ಮರುಳಾದವನು ಗೋಕಾಕದ ಅಜಿತನ ಮೊಬೈಲ್ ರಿಪೇರಿ ಅಂಗಡಿಯಿಂದ ಒಂದನ್ನು ತಂದಿದ್ದ. ಅಂಥ ಮರುಳರು ಇನ್ನೂ ಇದ್ದರು ಎಂದು ತಿಳಿದಾಗ ಅವನ ಸಂಕೋಚ ತುಸು ಇಳಿಯಿತು. ಹುಕ್ಕೇರಿಯ ಗೊಬ್ಬರದ ವ್ಯಾಪಾರಿ ಉದ್ದಪ್ಪ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕು ಸೇರಿಸಿ ಸಂಘ ಕಟ್ಟಿದ್ದರು. ಸದಸ್ಯರೆಲ್ಲ ಒಂದೇ ಜೀಪಿನಲ್ಲಿ ಹಿಡಿಯುತ್ತಿದ್ದರು. ಆದರೂ ಸಂಘಕ್ಕೆ ಸಂಸ್ಥಾಪಕ ಅಧ್ಯಕ್ಷರಿದ್ದರು, ಅಧ್ಯಕ್ಷರಿಗೆ ಸೀಟಿ ಇತ್ತು, ಓಟದ ಹಾದಿಗಿಂತ ಅಗಲವಾದ ಬ್ಯಾನರಿನಲ್ಲಿ ಅವರ ಫೋಟೋ ಇತ್ತು. ಏನೂ ಗೊತ್ತಿಲ್ಲದವನು ಪಕ್ಷಪಾತ ಮಾಡಲಾರ ಎಂದು ನನ್ನನ್ನು ಸ್ಪರ್ಧೆಗಳ ನಿರ್ಣಾಯಕನನ್ನಾಗಿ ಮಾಡಿದರು. ನಾನೂ ಇಸ್ತ್ರಿಯ ಅಂಗಿ ಹಾಕಿಕೊಂಡೇ ಹೋಗುತ್ತಿದ್ದೆ.

ಈ ಟ್ರಕ್ಕುಗಳ ಹೊಟ್ಟೆಯಲ್ಲಿ ಸ್ಲಿಪರ್ ಕ್ಲಚ್ ಎಂಬುದೊಂದಿದೆ. ದೊಡ್ಡ ಗೇರಿನ ಮಗ್ಗುಲಿಗೆ ತೆಳುವಾದ ಬಿಲ್ಲೆಗಳು, ಅವನ್ನು ಒತ್ತಿ ಹಿಡಿಯುವ ಸ್ಪ್ರಿಂಗು, ಅದರ ಮೇಲೊಂದು ನಟ್ಟು. ಗಾಲಿ ಕಲ್ಲಿಗೆ ಸಿಕ್ಕಿ ಥಟ್ಟನೆ ನಿಂತರೆ ಬಿಲ್ಲೆ ತುಸು ಜಾರುತ್ತದೆ, ಗೇರಿನ ಹಲ್ಲು ಉಳಿಯುತ್ತದೆ. ಜಾರುವುದೇ ಅದರ ಉದ್ಯೋಗ. ಬಾಳೇಶನಿಗೆ ಅದು ಸಹಿಸದಾಯಿತು. ಕಂಪನಿಯ ಬಿಲ್ಲೆ ತೆಗೆದ. ಟ್ರ್ಯಾಕ್ಟರಿನ ಹಳೆಯ ಕ್ಲಚ್ ಪ್ಲೇಟಿನಿಂದ ಒರಟು ಬಿಲ್ಲೆ ಕತ್ತರಿಸಿ, ಅರದಿಂದ ತಿಕ್ಕಿ ಕೂರಿಸಿದ. ನಟ್ಟನ್ನು ಇನ್ನು ತಿರುಗದು ಎನ್ನುವವರೆಗೆ ಬಿಗಿದ. ಸಪಾಟಾದ ಹೊಲದಲ್ಲಿ ಅವನ ಟ್ರಕ್ಕು ಕಬ್ಬಿನ ತುಂಡು ಹೇರಿದ ಟ್ರೇಲರನ್ನು ಎಲ್ಲರಿಗಿಂತ ಮುಂದೆ ಎಳೆಯಿತು. ಸಂಘದವರೆಲ್ಲ ತಮ್ಮ ಟ್ರಕ್ಕು ತಂದು ಅವನ ಮುಂದಿಟ್ಟರು. ಅಧ್ಯಕ್ಷರೂ ತಂದರು.

“ನಂದು ಎಲ್ಲಾರಕ್ಕಿಂತ ಬಿಗಿ ಇರಬೇಕ ನೋಡಪಾ,” ಎಂದರು ಉದ್ದಪ್ಪ. “ಅಧ್ಯಕ್ಷರ ಗಾಡಿ ಜಾರಬಾರ್ದು.”

“ಜೀವ ಹೋದ್ರೂ ಜಾರಂಗಿಲ್ರಿ,” ಎಂದ ಬಾಳೇಶ.

ಬೇಸಿಗೆಯಲ್ಲಿ ಧುಪದಾಳದ ಒಡ್ಡಿನ ಕೆಳಗೆ ಬಂಡೆ ತೆರೆದುಕೊಂಡ ಜಾಗದಲ್ಲಿ ಸ್ಪರ್ಧೆ ನಡೆಯಿತು. ಅಧ್ಯಕ್ಷರು ಭಾಷಣ ಮಾಡಿದರು, ಸೀಟಿ ಊದಿದರು, ರಿಮೋಟ್ ಒತ್ತಿದರು. ಅವರ ಟ್ರಕ್ಕು ಟ್ರೇಲರ್ ಎಳೆದುಕೊಂಡು ಏರಿಗೆ ಹತ್ತಿತು, ಮುಂದಿನ ಗಾಲಿ ಬಿರುಕಿನಲ್ಲಿ ಸಿಕ್ಕಿಕೊಂಡಿತು. ಹುರಿಗಡಲೆ ಕಡಿದಂತೆ ಕರಕರ ಸದ್ದಾಯಿತು. ಆಮೇಲೆ ಮೋಟಾರು ಒಂದೇ ಸಮ ತಿರುಗಿತು, ಗಾಡಿ ಅಲ್ಲಾಡಲಿಲ್ಲ.

“ಅಜಿತ್ಯಾ ಕೊಟ್ಟ ಮಾಲ ಇದು,” ಎಂದು ಉದ್ದಪ್ಪ ಕೆಂಪಾದರು. “ಗೇರ್ ಅಲ್ಲ, ಬೆಣ್ಣಿ. ಹೌದಿಲ್ಲೋ ಬಾಳೇಶ?”

ಬಾಳೇಶ ಹೌದೆಂದು ತಲೆಯಾಡಿಸಿದ. ಅಷ್ಟೇ ಅವನು ಮಾಡಿದ ತಪ್ಪು.

ರಿಪೇರಿಗೆಂದು ಟ್ರಕ್ಕನ್ನು ಮನೆಗೆ ಒಯ್ದು ಬಿಚ್ಚಿದ. ಬಿಲ್ಲೆಗಳು ಕೂರಿಸಿದ ದಿನದಂತೆಯೇ ಇದ್ದವು, ಒಮ್ಮೆಯೂ ಜಾರಿದ ಗುರುತಿಲ್ಲ. ಸ್ಪ್ರಿಂಗು ರೊಟ್ಟಿಯ ಹಾಗೆ ಚಪ್ಪಟೆಯಾಗಿತ್ತು. ಗೇರಿನ ಹಲ್ಲು ಒಂದು ಕಡೆ ಪೂರಾ ಬೋಳು. ಹೆಂಡತಿ ಅನ್ನಪೂರ್ಣಾ ಕಾಳು ಹಸನು ಮಾಡುತ್ತ ಕುಳಿತಿದ್ದಳು.

“ಭಾಳ ಬಿಗದ್ನಿ, ಅದಕ ಮುರೀತು ಅಂತ ಹೇಳ್ರಿ. ಮುಗೀತಲ್ಲ.”

“ಜಾರಬೇಕಿತ್ತು ಅಂತ ಹೇಳಬೇಕಾಗ್ತೈತಿ. ಆ ಮಾತ ನನ್ನ ಬಾಯಾಗ ಹೆಂಗ ಬರಬೇಕ?”

“ಮತ್ತ ಆ ಅಜಿತ ಏನ್ ಮಾಡಬೇಕ್ರಿ?”

ಅಜಿತ ಮಾಡುವುದೇನೂ ಇರಲಿಲ್ಲ. ಅಧ್ಯಕ್ಷರು ಸಂಘದ ವಾಟ್ಸಾಪ್ ಗುಂಪಿನಲ್ಲಿ ಅವನ ಅಂಗಡಿಯ ಫೋಟೋ ಹಾಕಿ ‘ಎಚ್ಚರಿಕೆ’ ಎಂದು ಬರೆದಿದ್ದರು. ಅದು ಸಂಘ ದಾಟಿ ಸಂತೆಯವರೆಗೆ ಹೋಗಿತ್ತು. ಮೊಬೈಲ್ ರಿಪೇರಿಗೆ ಬರುವವರೂ ಈಗ ಮುಂದಿನ ಅಂಗಡಿಗೆ ಹೋಗುತ್ತಿದ್ದರು. ಅದನ್ನೆಲ್ಲ ಕೇಳಿದ ಬಾಳೇಶ ಆ ವಾರ ಗೋಕಾಕಕ್ಕೆ ಹೋದರೂ ಅಜಿತನ ಓಣಿ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದ. ಹಾದಿಯಲ್ಲಿ ಸಿಕ್ಕವರು “ಏನ್ ಕ್ಲಚ್ ಬಾಳೇಶಣ್ಣ” ಎಂದು ಅಭಿಮಾನದಿಂದ ಕರೆದರೆ, ಬೈಸಿಕೊಂಡವನಂತೆ ಮುಖ ತಿರುಗಿಸುತ್ತಿದ್ದ. ಇದನ್ನೆಲ್ಲ ಆಮೇಲೆ ಅವನೇ ನನಗೆ ಹೇಳಿದ್ದು.

ಭಾನುವಾರ ಅಧ್ಯಕ್ಷರು ಅಜಿತನ ಅಂಗಡಿಯ ಮುಂದೆಯೇ ತುರ್ತು ಸಭೆ ಕರೆದರು. ಇನ್ನು ಮೂರು ತಾಲೂಕಿನಲ್ಲಿ ಯಾರೂ ಇವನಲ್ಲಿ ಒಂದು ಸ್ಕ್ರೂ ಕೊಳ್ಳಬಾರದು ಎಂದು ಠರಾವು ಮಾಡುವವರಿದ್ದರು. ಅಜಿತ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ.

“ನಾ ಹೇಳಿದ್ರ ನೀವ್ ನಂಬಂಗಿಲ್ಲ,” ಎಂದ. “ಗಾಡಿ ಬಿಚ್ಚಿದವ್ರು ಬಾಳೇಶಣ್ಣ. ಅವ್ರನ್ನ ಕೇಳ್ರಿ. ಅವ್ರು ಗೇರ್ ಹಗರ ಮಾಲ ಅಂದ್ರ ನಾ ಅಂಗಡಿ ಮುಚ್ಚತೇನಿ.”

ಬಾಳೇಶನ ಕೈಯಲ್ಲಿ ಅಧ್ಯಕ್ಷರ ಟ್ರಕ್ಕಿತ್ತು. ಅದನ್ನು ಕೆಳಗಿಟ್ಟ. ಯಾರ ಮುಖವನ್ನೂ ನೋಡದೆ ಹೇಳಿದ.

“ಗೇರ್ ಚೊಲೋನ ಐತಿ. ನಾನ ಬಿಗದ ಕೆಡಿಸೇನಿ. ಅದು ಜಾರಬೇಕಿತ್ತು, ನಾ ಜಾರಗೊಡಲಿಲ್ಲ. ಅವತ್ತ ತಲಿ ಅಲ್ಲಾಡಿಸಿದ್ದೂ ಸುಳ್ಳ.”

ಉದ್ದಪ್ಪ ಸೀಟಿಯ ದಾರ ಸರಿಮಾಡಿಕೊಂಡರು. “ನನಗ ಅವತ್ತ ಸಂಶೇ ಬಂದಿತ್ತು,” ಎಂದರು. ಅವರು ಮೊಬೈಲು ತೆಗೆದು ಅಂಗಡಿಯ ಫೋಟೋ ಅಳಿಸತೊಡಗಿದರು; ಸಂತೆಗೆ ಹೋದದ್ದನ್ನು ಅಳಿಸುವುದು ಹೇಗೆಂದು ಅವರಿಗೂ ಗೊತ್ತಿರಲಿಲ್ಲ.

ಅಜಿತ ಮಾತ್ರ ಬಿಡಲಿಲ್ಲ. “ಹೋದ ವಾರ ಹೇಳಿದ್ರ ನಿಮ್ಮನ್ನ ಅಪ್ಪಕೋತಿದ್ನಿ, ಅಣ್ಣಾ. ಈಗ ಕೈ ಬರವಲ್ದು.”

“ಬರಬಾರ್ದು,” ಎಂದ ಬಾಳೇಶ.

ಆಮೇಲೆ ಅವನು ಸಂಘದವರ ಟ್ರಕ್ಕುಗಳನ್ನೆಲ್ಲ ಇಸಿದುಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಕುಳಿತ. ಒಂದೊಂದನ್ನೂ ಬಿಚ್ಚಿ ತನ್ನ ಬಿಲ್ಲೆ ಕಿತ್ತು ಹಾಕಿದ. ಅಜಿತ ಒಳಗಿನಿಂದ ಕಂಪನಿಯ ಬಿಲ್ಲೆ ತಂದಿಟ್ಟ. ಬಾಳೇಶ ಅವನ್ನು ಕೂರಿಸಿ, ನಟ್ಟು ಬಿಗಿದು, ಮತ್ತೆ ಸಡಿಲಿಸಿ, ಗಾಲಿ ಒತ್ತಿ ಹಿಡಿದು ಮೋಟಾರು ತಿರುಗಿಸಿ ಜಾರುತ್ತದೆಯೋ ಎಂದು ನೋಡುತ್ತಿದ್ದ. ಪ್ರತಿ ಸಲ ಅದು ಜಾರಿದಾಗಲೂ ಅವನ ಕಿವಿ ಕೆಂಪಾಗುತ್ತಿತ್ತು.

ನಿರ್ಣಾಯಕನಾದವನು ಇಂಥ ಹೊತ್ತಿನಲ್ಲಿ ಸುಮ್ಮನೆ ನಿಲ್ಲಬಾರದೆಂದು ನನಗೆ ಅನಿಸಿತು. ಹತ್ತಿರ ಹೋಗಿ, ಬಾಗಿ, ಸಾಧ್ಯವಾದಷ್ಟು ಗಂಭೀರವಾಗಿ ಕೇಳಿದೆ: “ಬಾಳೇಶ, ಎಲ್ಲಾರ ಮುಂದ ಹಂಗ ಹೇಳೂಮುಂದ ನಾಚಿಕಿ ಅನಸ್ಲಿಲ್ಲೇನ?”

ಅವನು ಸ್ಕ್ರೂಡ್ರೈವರ್ ನಿಲ್ಲಿಸಲಿಲ್ಲ.

“ಅನಸ್ತರಿ. ಇನ್ನೂ ಅನಸಾಕತ್ತೈತಿ. ಬಾಜೂ ಸರೀರಿ, ನಟ್ಟಿನ ಮ್ಯಾಲ ನಿಂತೀರಿ.”